ಮಂಗಳಾರತಿಗೆ ಹತ್ತು ಕೈ
(ಬಾನುಲಿ ಭಾಷಣ)

ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರದ ಕಡೆ ಈಗ ಎಷ್ಟೋ ದೇವಸ್ಥಾನಗಳಲ್ಲಿ ಮಂಗಳಾರತಿಯ ಸದ್ದು ಮಾಡುವುದು ಯಂತ್ರ. ಕಬ್ಬಿಣದ ಚೌಕಟ್ಟಿನಲ್ಲಿ ಒಂದು ನಗಾರಿ, ಒಂದೋ ಎರಡೋ ಜಾಗಟೆ, ತೂಗುಹಾಕಿದ ಒಂದು ಗಂಟೆ, ಕೆಳಗೊಂದು ಮೋಟಾರು. ಪೂಜಾರಪ್ಪನವರು ಆರತಿ ತಟ್ಟೆ ಕೈಗೆತ್ತಿಕೊಂಡ ಕೂಡಲೇ ಯಾರೋ ಗೋಡೆಯ ಸ್ವಿಚ್ಚು ಒತ್ತುತ್ತಾರೆ. ಮೋಟಾರು ತಿರುಗುತ್ತದೆ, ಕೋಲುಗಳು ಒಂದೇ ಸಮನೆ ಬೀಳುತ್ತವೆ, ಆರತಿ ಮುಗಿಯುತ್ತಲೂ ಎಲ್ಲವೂ ನಿಲ್ಲುತ್ತದೆ. ಸುತ್ತ ನಿಂತ ಜನ ಕೈಮುಗಿದು ನೋಡುತ್ತಾರೆ. ಅವರ ಕೈಗೆ ಬೇರೆ ಕೆಲಸ ಉಳಿದಿಲ್ಲ. ಇದೊಂದು ಸಣ್ಣ ಅನುಕೂಲ ಎಂದುಕೊಂಡು ನಾವು ಒಪ್ಪಿಬಿಟ್ಟಿದ್ದೇವೆ. ಅದು ಅಷ್ಟು ಸಣ್ಣ ಸಂಗತಿಯಲ್ಲ ಎಂಬುದೇ ನನ್ನ ಈ ಹೊತ್ತಿನ ವಾದ. ಹತ್ತು ಜನ ಸೇರಿ ಗಂಟೆ ಬಾರಿಸುವುದು ಒಂದು ವಿದ್ಯೆ. ಹಾಡಲು ಬಾರದವನಿಗೂ, ಮಂತ್ರ ತಿಳಿಯದವನಿಗೂ ಒಂದು ಸಾರ್ವಜನಿಕ ಕೆಲಸದಲ್ಲಿ ನಿಜವಾದ ಪಾಲು ಕೊಡುವ ವಿದ್ಯೆ ಅದು. ಸ್ವಿಚ್ಚಿನ ಕೈಗೆ ಅದನ್ನು ಒಪ್ಪಿಸಿದಾಗ ಸದ್ದು ಉಳಿಯಿತು, ಪಾಲು ಹೋಯಿತು. ಹೋದದ್ದನ್ನು ಹಿಂದಕ್ಕೆ ತರಬಹುದೇ, ತರುವುದು ಸರಿಯೇ ಎಂದು ವಿಚಾರ ಮಾಡೋಣ.

ಈ ವಿಚಾರಕ್ಕೆ ಒಳ್ಳೆಯ ಅಳತೆಗೋಲು ಇಂಗ್ಲೆಂಡಿನಲ್ಲಿ ಸಿಗುತ್ತದೆ. ಅಲ್ಲಿ 17ನೆಯ ಶತಮಾನದ ಹೊತ್ತಿಗೆ ಚರ್ಚಿನ ಗೋಪುರದ ಗಂಟೆಗಳನ್ನು ದೊಡ್ಡ ಚಕ್ರಕ್ಕೆ ಕಟ್ಟಿ, ಹಗ್ಗ ಎಳೆದು, ಪೂರ್ತಿ ಒಂದು ಸುತ್ತು ತಿರುಗಿಸಿ ಬಾರಿಸುವ ಪದ್ಧತಿ ಬೆಳೆದಿತ್ತು. ಅಷ್ಟು ಭಾರದ ಗಂಟೆಯನ್ನು ಬೇಕೆಂದಾಗ ಬೇಗ, ಬೇಡವೆಂದಾಗ ನಿಧಾನ ಮಾಡಲಾಗುವುದಿಲ್ಲ. ಹಾಗಾಗಿ ರಾಗ ನುಡಿಸುವುದು ಆಗದ ಮಾತು. ಆದರೆ ಯಾವ ಗಂಟೆಯ ಹಿಂದೆ ಯಾವುದು ಬರಬೇಕು ಎಂಬ ಸರದಿಯನ್ನು ಪ್ರತಿ ಸುತ್ತಿನಲ್ಲೂ ಬದಲಿಸಬಹುದು. ಮೂರು ಗಂಟೆಗೆ 6 ಸರದಿ, ಐದಕ್ಕೆ 120, ಏಳಕ್ಕೆ 5040. ಒಂದು ಸರದಿಯೂ ಎರಡನೆಯ ಸಲ ಬಾರದಂತೆ ಈ ಏಳು ಗಂಟೆಗಳ ಲೆಕ್ಕವನ್ನು ಮುಗಿಸಲು ಸುಮಾರು ಮೂರು ತಾಸು ಹಿಡಿಯುತ್ತದೆ. ಕೈಯಲ್ಲಿ ಚೀಟಿ ಇರಬಾರದು, ಎಲ್ಲ ನೆನಪಿನಲ್ಲೇ ಇರಬೇಕು. ಈ ವಿದ್ಯೆಯ ಮೊದಲ ಪುಸ್ತಕ 1668ರಲ್ಲಿ ಅಚ್ಚಾಯಿತು. ಅದರ ಪ್ರಕಾಶನದಲ್ಲಿ ಕೈಯಿದ್ದ ಫೇಬಿಯನ್ ಸ್ಟೆಡ್‌ಮನ್ ಎಂಬ ಮುದ್ರಕ 1677ರಲ್ಲಿ ತಾನೇ ಇನ್ನೊಂದನ್ನು ಬರೆದ. ಇಂಥ ಲೆಕ್ಕವನ್ನು ಗೋಪುರದ ಚಳಿಯಲ್ಲಿ, ಊರಿಗೆಲ್ಲ ಕೇಳುವಂತೆ ಅಭ್ಯಾಸ ಮಾಡುತ್ತ ಕೂತರೆ ನೆರೆಹೊರೆಯವರು ಸುಮ್ಮನಿರುತ್ತಾರೆಯೇ? ಕೂತಲ್ಲೇ ಅಭ್ಯಾಸ ಮಾಡಲು ಸಣ್ಣ ಕೈಗಂಟೆಗಳು ಬಂದವು. 17ನೆಯ ಶತಮಾನದ ಕೊನೆಗೂ 18ನೆಯ ಶತಮಾನದ ಆರಂಭಕ್ಕೂ ನಡುವೆ ಆಲ್ಡ್‌ಬೋರ್ನ್ ಎಂಬ ಹಳ್ಳಿಯಲ್ಲಿ ಕೋರ್ ಎಂಬ ಮನೆತನದ ವಿಲಿಯಂ ಮತ್ತು ರಾಬರ್ಟ್ ಸಹೋದರರು ಶ್ರುತಿಗೆ ಹೊಂದಿಸಿದ ಕೈಗಂಟೆಗಳನ್ನು ಎರಕ ಹೊಯ್ಯುತ್ತಿದ್ದರು.

ಅಭ್ಯಾಸಕ್ಕೆಂದು ಬಂದದ್ದು ಆಮೇಲೆ ತಾನೇ ಒಂದು ಕಲೆಯಾಯಿತು. ಕೈಗಂಟೆ ಹಗುರ, ಬೇಕಾದ ಕ್ಷಣಕ್ಕೆ ನುಡಿಸಬಹುದು, ಬೇಡವಾದಾಗ ಎದೆಗೊತ್ತಿ ಸುಮ್ಮನಾಗಿಸಬಹುದು. ಗೋಪುರದ ಗಂಟೆಗೆ ಆಗದ ರಾಗ ಕೈಗಂಟೆಗೆ ಆಯಿತು. ಈ ಕಲೆಯನ್ನು 19ನೆಯ ಶತಮಾನದಲ್ಲಿ ಎತ್ತರಕ್ಕೆ ಒಯ್ದವರು ದೊಡ್ಡ ಸಂಗೀತಗಾರರಲ್ಲ. ಲ್ಯಾಂಕಷೈರ್, ಯಾರ್ಕ್‌ಷೈರ್ ಸೀಮೆಯ ಗಿರಣಿ ಕಾರ್ಮಿಕರು, ಹಳ್ಳಿಯ ಕಸುಬುದಾರರು. ಮ್ಯಾಂಚೆಸ್ಟರಿನ ಬೆಲ್ ವ್ಯೂ ಉದ್ಯಾನದಲ್ಲಿ 1855ರಿಂದ 1920ರ ದಶಕದವರೆಗೆ ಕೈಗಂಟೆ ತಂಡಗಳ ಸ್ಪರ್ಧೆ ನಡೆಯಿತು. 1840ರ ದಶಕದಲ್ಲಿ ಪಿ. ಟಿ. ಬಾರ್ನಮ್ ಎಂಬ ಅಮೆರಿಕದ ಪ್ರದರ್ಶನಕಾರ ಲ್ಯಾಂಕಷೈರಿನ ಒಂದು ತಂಡವನ್ನು ಕರೆಸಿ, ಸ್ವಿಟ್ಜರ್ಲೆಂಡಿನವರ ವೇಷ ಹಾಕಿಸಿ ಊರೂರು ಮೆರೆಸಿದ. 1923ರಲ್ಲಿ ಬಾಸ್ಟನ್ನಿನಲ್ಲಿ ಮಾರ್ಗರೆಟ್ ಶರ್ಕ್ಲಿಫ್ ಎಂಬ ಮಹಿಳೆ ತಂಡ ಕಟ್ಟಿದರು. 1954ರಲ್ಲಿ ಅಮೆರಿಕಕ್ಕೂ 1967ರಲ್ಲಿ ಬ್ರಿಟನ್ನಿಗೂ ರಾಷ್ಟ್ರಮಟ್ಟದ ಸಂಘಗಳಾದವು. ಇವತ್ತು ಶಾಲೆ, ಚರ್ಚು, ವೃದ್ಧರ ಕೂಟಗಳಲ್ಲಿ ಇಂಥ ತಂಡಗಳಿವೆ.

ಈ ಗಂಟೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಲೋಹ ನಮಗೆ ಗೊತ್ತಿರುವ ಕಂಚೇ: ಸುಮಾರು ನಾಲ್ಕು ಪಾಲು ತಾಮ್ರ, ಒಂದು ಪಾಲು ತವರ. ನಮ್ಮ ಪೂಜೆಯ ಗಂಟೆಯ ನಾಲಿಗೆ ಕೊಂಡಿಯಲ್ಲಿ ಸಡಿಲವಾಗಿ ನೇತಾಡುತ್ತದೆ, ಎತ್ತ ಬೇಕಾದರೂ ಬಡಿಯುತ್ತದೆ. ಒಂದು ಸಲ ಅಲ್ಲಾಡಿಸಿದರೆ ನಾಲ್ಕಾರು ಪೆಟ್ಟು. ಅವರ ಕೈಗಂಟೆಯ ನಾಲಿಗೆ ಒಂದೇ ದಿಕ್ಕಿನಲ್ಲಿ ಹೋಗಿ ಬರುತ್ತದೆ. ಬಡಿದ ಮೇಲೆ ಲೋಹಕ್ಕೆ ಅಂಟಿ ನಿಲ್ಲದ ಹಾಗೆ ಸಣ್ಣ ಸ್ಪ್ರಿಂಗು ಅದನ್ನು ಹಿಂದಕ್ಕೆ ಹಿಡಿಯುತ್ತದೆ. ಒಂದು ಬೀಸಿಗೆ ಒಂದೇ ಪೆಟ್ಟು. ಅಂಚನ್ನು ಕಡೆದು ಹದಗೊಳಿಸುವಾಗ ಮೂಲಸ್ವರದ ಜೊತೆಗೆ ಅದರ ಮೂರು ಪಟ್ಟು ಕಂಪನದ ಉಪಸ್ವರವನ್ನೂ ಶ್ರುತಿಗೆ ಕೂಡಿಸುತ್ತಾರೆ. ಮೂಲವನ್ನು ಷಡ್ಜ ಎಂದುಕೊಂಡರೆ ಅದು ಮೇಲಿನ ಸ್ಥಾಯಿಯ ಪಂಚಮ. ಐದು ಸ್ಥಾಯಿಯ ಪೂರ್ತಿ ಜೋಡಣೆಯಲ್ಲಿ 61 ಗಂಟೆ, ಬಾರಿಸಲು ಹನ್ನೊಂದರಿಂದ ಹದಿಮೂರು ಜನ. ಒಬ್ಬೊಬ್ಬರ ಪಾಲಿಗೆ ಕೆಲವೇ ಸ್ವರ. ಇಡೀ ರಾಗ ಯಾರ ಕೈಯಲ್ಲೂ ಇಲ್ಲ. ಗೌರಿಬಿದನೂರಿನ ಜನಕ್ಕೆ ಈ ತತ್ತ್ವದ ಒಂದು ಉದಾಹರಣೆ ಮನೆ ಬಾಗಿಲಲ್ಲೇ ಇದೆ. 1970ರ ದಶಕದಲ್ಲಿ ಇಲ್ಲಿ ಕಟ್ಟಿದ ರೇಡಿಯೊ ದೂರದರ್ಶಕಕ್ಕೆ ಒಂದು ದೊಡ್ಡ ಕಣ್ಣಿರಲಿಲ್ಲ. ಬಯಲಿನಲ್ಲಿ ಇಂಗ್ಲಿಷಿನ ಟಿ ಆಕಾರಕ್ಕೆ ಹರಡಿದ ಸಾವಿರ ಸಣ್ಣ ಆಂಟೆನಾಗಳಿದ್ದವು. ಒಂದೊಂದೇ ಆಂಟೆನಾಕ್ಕೆ ಆಕಾಶದ ಚಿತ್ರ ಸಿಗುವುದಿಲ್ಲ. ಎಲ್ಲದರ ಸಂಕೇತ ಸರಿಯಾದ ಹೊತ್ತಿಗೆ ಕೂಡಿದರೆ ಮಾತ್ರ ಸಿಗುತ್ತದೆ. ಗಂಟೆ ತಂಡದ ಕೆಲಸವೂ ಅದೇ. ಅಲ್ಲಿ ಕಷ್ಟವಾದದ್ದು ಬಾರಿಸುವುದಲ್ಲ. ತನ್ನ ಸರದಿ ಬರುವ ತನಕ ಬೇರೆಯವರನ್ನು ಎಣಿಸುತ್ತ ಸುಮ್ಮನೆ ನಿಂತಿರುವುದು.

ಈಗ ನಮ್ಮ ಕಡೆಗೆ ಬರೋಣ. ಲೋಹದ ವಾದ್ಯಗಳ ಬಗ್ಗೆ ನಮ್ಮವರ ವಿಚಾರ ಬಹಳ ಹಳೆಯದು. ಭರತನ ನಾಟ್ಯಶಾಸ್ತ್ರ ವಾದ್ಯಗಳನ್ನು ನಾಲ್ಕಾಗಿ ವಿಂಗಡಿಸಿತು. ತಂತಿ, ಚರ್ಮ, ಗಾಳಿಯ ವಾದ್ಯಗಳ ಜೊತೆಗೆ ತಾಳ, ಗಂಟೆಯಂಥ ಘನವಾದ್ಯಕ್ಕೂ ಸಮನಾದ ಸ್ಥಾನ ಕೊಟ್ಟಿತು. 13ನೆಯ ಶತಮಾನದಲ್ಲಿ ದೇವಗಿರಿಯ ಸೇವುಣರ ಆಶ್ರಯದಲ್ಲಿದ್ದ ಶಾರ್ಙ್ಗದೇವನ ಸಂಗೀತರತ್ನಾಕರ ಘನವಾದ್ಯಗಳಲ್ಲಿ ತಾಳ, ಕಾಂಸ್ಯತಾಳ, ಘಂಟೆ, ಕಿರುಗಂಟೆ, ಜಯಘಂಟೆಗಳನ್ನು ಬೇರೆ ಬೇರೆಯಾಗಿ ಹೇಳುತ್ತದೆ. ಏಳು ಸ್ವರಗಳನ್ನು 5040 ರೀತಿಯಲ್ಲಿ ಸರದಿ ಬದಲಿಸಬಹುದೆಂಬ ಪ್ರಸ್ತಾರದ ಲೆಕ್ಕವೂ ಅದೇ ಗ್ರಂಥದಲ್ಲಿದೆ. ಇಂಗ್ಲೆಂಡಿನ ಗಂಟೆಯವರು ಅದೇ ಸಂಖ್ಯೆಗೆ ತಮ್ಮ ದಾರಿಯಲ್ಲಿ ಬಂದರು. ಇನ್ನು ಕನ್ನಡ ಶಾಸನಗಳಲ್ಲಿ ಸಾಮಂತರಿಗೆ ಬರುವ ಒಂದು ದೊಡ್ಡ ಬಿರುದು ಪಂಚಮಹಾಶಬ್ದದ ಹಕ್ಕು, ಅಂದರೆ ಐದು ವಾದ್ಯಗಳನ್ನು ಮುಂದೆ ಮೊಳಗಿಸಿಕೊಂಡು ಹೋಗುವ ಗೌರವ. ಈ ಸೀಮೆಯನ್ನು ಆಳಿದ ನೊಳಂಬರ ಶಾಸನಗಳಲ್ಲೂ ಆ ಬಿರುದು ಇದೆ. ನಂದಿಯ ಭೋಗನಂದೀಶ್ವರ ದೇವಾಲಯದ ಹಳೆಯ ದಾಖಲೆ ಕೂಡ ನೊಳಂಬರ ಕಾಲದ್ದೇ, 806ನೆಯ ಇಸವಿಯದು. ಆ ಐದು ಶಬ್ದ ಯಾವುವು? ನಿಜಗುಣ ಶಿವಯೋಗಿಯ ವಿವೇಕಚಿಂತಾಮಣಿ ಕೊಡುವ ಪಟ್ಟಿಯಲ್ಲಿ ಶೃಂಗ, ಶಂಖ, ಭೇರಿಗಳ ಜೊತೆಗೆ ತಮ್ಮಟವೂ ಜಯಘಂಟೆಯೂ ಇವೆ. ಇವತ್ತಿನ ಮಾತಿನಲ್ಲಿ ತಮಟೆ ಮತ್ತು ಜಾಗಟೆ. ಈ ಎರಡೂ ಒಂದೇ ಸಾಲಿನಲ್ಲಿ ನಿಂತಿದ್ದವು ಎಂಬುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಶಾಸನದ ಕಾಲ ಬಿಟ್ಟು ಊರಿನ ಬದುಕಿಗೆ ಬಂದರೆ, ಹಳ್ಳಿಯ ಗುಡಿಯ ಕೈ ಮಂಗಳಾರತಿಯಲ್ಲಿ ಕೆಲಸಗಳ ಒಂದು ಹಂಚಿಕೆ ಇದೆ. ಕೈಗಂಟೆ ಪೂಜಾರಪ್ಪನವರ ಎಡಗೈಯಲ್ಲಿ, ಬಲಗೈಯಲ್ಲಿ ಆರತಿ. ಜಾಗಟೆ ಒಬ್ಬರ ಕೈಯಲ್ಲಿ: ಅಂಚಿನ ತೂತಿಗೆ ಪೋಣಿಸಿದ ದಾರವನ್ನು ಎಡಗೈ ಹೆಬ್ಬೆರಳಿಗೆ ಸುತ್ತಿ ತೂಗಬಿಟ್ಟು, ಬಲಗೈಯ ಕೋಲಿನಿಂದ ನಡುವಿಗೆ ಹೊಡೆಯಬೇಕು. ಗಂಟೆ ಅಂಚಿನಲ್ಲಿ ಹೆಚ್ಚು ಕಂಪಿಸುತ್ತದೆ, ಜಾಗಟೆ ನಡುವಿನಲ್ಲಿ. ದಾರ ಬಿಟ್ಟು ಅಂಗೈಯಲ್ಲಿ ಹಿಡಿದರೆ ನಾದ ಸತ್ತು ತಗಡಿನ ಸದ್ದಾಗುತ್ತದೆ. ನಗಾರಿ ಇನ್ನೊಬ್ಬರಿಗೆ, ಶಂಖ ಉಸಿರಿದ್ದವರಿಗೆ, ತೂಗುಗಂಟೆಯ ಸರಪಣಿ ಕೈಗೆಟುಕಿದ ಹುಡುಗನಿಗೆ. ಆರತಿ ಮೇಲಕ್ಕೆ ಹೋದಂತೆ ಲಯ ಏರಬೇಕು, ದೇವರ ಮುಖದ ಹತ್ತಿರ ನಿಂತಾಗ ತುಂಬಿಕೊಳ್ಳಬೇಕು, ತಟ್ಟೆ ಕೆಳಗಿಳಿದಾಗ ಎಲ್ಲರೂ ಒಟ್ಟಿಗೆ ನಿಲ್ಲಿಸಬೇಕು. ಸಂಜ್ಞೆ ಕೊಡುವವರಿಲ್ಲ, ಎಲ್ಲರ ಕಣ್ಣೂ ಆರತಿಯ ಮೇಲೆ. ಗುಡಿಯ ಹೊರಗೂ ಈ ವಿದ್ಯೆ ಇದೆ. ತಿರುಪತಿ ತಿಮ್ಮಪ್ಪನ ಒಕ್ಕಲಿನವರು ಶ್ರಾವಣ ಶನಿವಾರ ತಳಿಗೆ ಇಟ್ಟರೆ ದಾಸಯ್ಯ ಬಂದು ಶಂಖ ಊದಿ ಜಾಗಟೆ ಬಾರಿಸಬೇಕು. ಅವನ ಗೋವಿಂದ ನಾಮಕ್ಕೆ ಮನೆಮಂದಿಯೆಲ್ಲ ದನಿಗೂಡಿಸಬೇಕು. ತೆಲುಗು ಕನ್ನಡ ಎರಡೂ ಕಲೆತ ಈ ಗಡಿಸೀಮೆಯಲ್ಲಿ ಭಜನೆಯ ತಾಳ ಬಲವಾದದ್ದು. ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ ಬಳೆ ಮಾರುತ್ತಿದ್ದ ನಾರೇಯಣ ತಾತಯ್ಯನವರು, 1726ರಲ್ಲಿ ಹುಟ್ಟಿ 1836ರಲ್ಲಿ ಸಮಾಧಿಯಾದರೆಂದು ಭಕ್ತಪರಂಪರೆ ಹೇಳುವ ಆ ಯೋಗಿ, ತೆಲುಗಿನಲ್ಲೂ ಕನ್ನಡದಲ್ಲೂ ಕೀರ್ತನೆ ಕಟ್ಟಿದರು. ಗುರುಪೂರ್ಣಿಮೆಯ ಸಂಗೀತೋತ್ಸವಕ್ಕೆ ಕೈವಾರಕ್ಕೆ ಈಗಲೂ ಭಜನೆಯ ತಂಡಗಳು ಬರುತ್ತವೆ. ಅಲ್ಲಿ ದನಿ ಚೆನ್ನಾಗಿಲ್ಲದವನ ಕೈಯಲ್ಲೂ ಒಂದು ಜೊತೆ ತಾಳ ಇರುತ್ತದೆ.

ಇಲ್ಲಿಗೆ ಮೊದಲ ಆಕ್ಷೇಪ ಬರುತ್ತದೆ. ಇಂಗ್ಲಿಷರದು ಸಂಗೀತ, ನಮ್ಮದು ಬರೀ ಗದ್ದಲ. ಒಂದನ್ನು ಇನ್ನೊಂದರ ಪಕ್ಕ ಇಡುವುದು ಹೇಗೆ? ಎರಡೂ ಬೇರೆ ಎಂಬುದನ್ನು ಒಪ್ಪುತ್ತೇನೆ. ಅವರದು ಸ್ವರವನ್ನು ಹಂಚಿಕೊಂಡ ಕಲೆ, ನಮ್ಮದು ಲಯವನ್ನು, ಹೊತ್ತನ್ನು ಹಂಚಿಕೊಂಡ ಕಲೆ. ಆದರೆ ಗದ್ದಲ ಎನ್ನುವವರು ಒಂದು ಸಣ್ಣ ಪರೀಕ್ಷೆ ಮಾಡಬಹುದು. ಗೊತ್ತಿಲ್ಲದ ನಾಲ್ಕು ಜನಕ್ಕೆ ಜಾಗಟೆ, ನಗಾರಿ, ಗಂಟೆ, ಶಂಖ ಕೊಟ್ಟು ಒಂದು ಆರತಿಯ ಹೊತ್ತು ಬಾರಿಸಿ ಎನ್ನಲಿ. ಏರಿಕೆ ಸರಿಹೋಗುವುದಿಲ್ಲ, ಒಬ್ಬ ಮುಂದೆ ಓಡುತ್ತಾನೆ, ಇನ್ನೊಬ್ಬ ಹಿಂದೆ ಬೀಳುತ್ತಾನೆ, ನಿಲ್ಲಿಸುವಾಗ ಒಂದು ಪೆಟ್ಟು ಒಂಟಿಯಾಗಿ ಉಳಿದು ಎಲ್ಲರೂ ತಿರುಗಿ ನೋಡುತ್ತಾರೆ. ತಪ್ಪು ಎಂಬುದು ಇದೆ ಎಂದರೆ ಸರಿ ಎಂಬುದೂ ಇದೆ. ಅಂದ ಮೇಲೆ ಅದು ಕಲಿತು ಬರುವ ವಿದ್ಯೆ. ಇಂಗ್ಲೆಂಡಿನ ಗೋಪುರದ ಸರದಿಯೂ ರಾಗವಲ್ಲ. ಹೊರಗಿನ ಕಿವಿಗೆ ಅದೂ ಎಡೆಬಿಡದ ಗದ್ದಲವೇ. ಅದಕ್ಕೆ ವಿದ್ಯೆಯ ಮಾನ ಸಿಕ್ಕಿದ್ದು ಅವರು ಅದನ್ನು ಬರೆದಿಟ್ಟರು, ಕಲಿಸಿದರು, ಸಂಘ ಕಟ್ಟಿದರು ಎಂಬ ಕಾರಣಕ್ಕೆ. ನಾವು ನಮ್ಮದನ್ನು ಯಾರೋ ಮಾಡುವ ಕೆಲಸ ಎಂದು ಬಿಟ್ಟೆವು. ಆ ಯಾರೋ ಬರದೇ ಇದ್ದ ದಿನ ಯಂತ್ರ ತಂದೆವು.

ಯಂತ್ರದ ಪರವಾದ ವಾದ ಹಗುರವಾದದ್ದಲ್ಲ. ಗುಡಿಯಲ್ಲಿ ಜಾಗಟೆ ಬಾರಿಸುವವರಿಗೆ, ಓಲಗದವರಿಗೆ ಹಿಂದೆ ಮಾನ್ಯದ ಭೂಮಿ ಇತ್ತು. 1955ರ ಮೈಸೂರು ಧಾರ್ಮಿಕ ಮತ್ತು ಧರ್ಮಾದಾಯ ಇನಾಂ ರದ್ದತಿ ಕಾಯಿದೆ ಬಂದ ಮೇಲೆ ಆ ವ್ಯವಸ್ಥೆ ಮುಗಿಯಿತು. ಮುಜರಾಯಿ ಗುಡಿಗೆ ಸರ್ಕಾರ ಕೊಡುವ ತಸ್ತೀಕಿನ ಹಣವೇ ಗತಿಯಾಯಿತು. ಉಳುವವನಿಗೆ ಭೂಮಿ ಸಿಗಬೇಕಾಗಿತ್ತು, ಅದರಲ್ಲಿ ತಪ್ಪು ಹುಡುಕುವಂತಿಲ್ಲ. ಆದರೆ ತಸ್ತೀಕಿನಲ್ಲಿ ಎಣ್ಣೆಬತ್ತಿ ಕಳೆದು ನಾಲ್ಕು ಜನ ವಾದ್ಯದವರನ್ನು ಸಾಕುವುದು ಯಾವ ಗುಡಿಗೆ ಆದೀತು? ಜೊತೆಗೆ ಊರಿನ ಹುಡುಗರು ಬೆಳಗಿನ ಬಸ್ಸಿಗೋ ರೈಲಿಗೋ ಬೆಂಗಳೂರಿಗೆ ಹೋಗಿ ಕತ್ತಲಾದ ಮೇಲೆ ಬರುತ್ತಾರೆ. ಶಿಡ್ಲಘಟ್ಟದ ರೇಷ್ಮೆ ಕೆಲಸದವರಿಗೆ ಸಂಜೆಯ ಬಿಡುವು ಎಲ್ಲಿದೆ? ಪೂಜಾರಪ್ಪನವರು ಒಬ್ಬರೇ ಇರುವ ಗುಡಿಯಲ್ಲಿ ಯಂತ್ರ ಇಲ್ಲದಿದ್ದರೆ ಮೌನವೇ ಗತಿ. ಈ ವಾದಕ್ಕೆ ನನ್ನ ಉತ್ತರ ಯಂತ್ರವನ್ನು ಕಿತ್ತೆಸೆಯಿರಿ ಎಂಬುದಲ್ಲ. ಜನ ಇಲ್ಲದ ದಿನಕ್ಕೆ ಅದು ಇರಲಿ. ಆದರೆ ಶನಿವಾರ, ಸೋಮವಾರ, ಹುಣ್ಣಿಮೆ, ಜಾತ್ರೆಯ ದಿನ ಗುಡಿ ತುಂಬಾ ಜನ ನಿಂತಿದ್ದಾಗಲೂ ಸ್ವಿಚ್ಚು ಒತ್ತುತ್ತೇವಲ್ಲ, ಅದಕ್ಕೆ ಜನ ಸಿಗುವುದಿಲ್ಲ ಎಂಬ ಕಾರಣ ಹೊಂದುವುದಿಲ್ಲ. ಅಲ್ಲಿ ಜನ ಇದ್ದಾರೆ; ಅವರನ್ನು ಯಾರೂ ಕರೆಯುತ್ತಿಲ್ಲ. ಇನ್ನೂ ಒಂದು ವಿಷಯ: ಮೋಟಾರಿಗೆ ಆರತಿ ಕಾಣುವುದಿಲ್ಲ. ತಟ್ಟೆ ಏರಿದರೂ ಇಳಿದರೂ ಅದರ ವೇಗ ಒಂದೇ. ಕೈ ಮಾಡುತ್ತಿದ್ದ ಏರಿಳಿತ ಅದಕ್ಕೆ ಸಾಧ್ಯವೇ ಇಲ್ಲ.

ಕೈಗಂಟೆಯ ಪರವಾಗಿ ಈಚೆಗೆ ಕೇಳುವ ಕೆಲವು ಮಾತುಗಳನ್ನು ನಾನು ಆಸರೆಗೆ ತೆಗೆದುಕೊಳ್ಳುವುದಿಲ್ಲ. ಗಂಟೆಯ ನಾದಕ್ಕೆ ರೋಗಾಣು ಸಾಯುತ್ತವೆ, ಏಳು ಸೆಕೆಂಡಿನ ಅನುರಣನಕ್ಕೆ ದೇಹದ ಏಳು ಚಕ್ರ ಎಚ್ಚರಗೊಳ್ಳುತ್ತವೆ, ಮಿದುಳಿನ ಎರಡು ಭಾಗ ಒಂದಾಗುತ್ತವೆ ಎಂದೆಲ್ಲ ಹೇಳುವವರಿದ್ದಾರೆ. ಇವಕ್ಕೆ ಆಧಾರವಾಗಿ ಒಂದು ಒಪ್ಪತಕ್ಕ ಪ್ರಯೋಗವನ್ನೂ ಅವರು ತೋರಿಸುವುದಿಲ್ಲ. ಪ್ರಶ್ನೆ ಕೇಳದೆ ಏನನ್ನೂ ಒಪ್ಪಬೇಡಿ ಎಂದು ಜೀವನಪೂರ್ತಿ ಸಾರಿದ, 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದ ಡಾ. ಎಚ್. ನರಸಿಂಹಯ್ಯನವರು ಹುಟ್ಟಿದ್ದು ಈ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲೇ. ಅವರ ನೆಲದಲ್ಲಿ ನಿಂತು ಪರೀಕ್ಷೆಗೆ ನಿಲ್ಲದ ಮಾತನ್ನು ವಿಜ್ಞಾನ ಎಂದು ಮಾರುವುದು ಸಲ್ಲದು. ಅದರ ಅಗತ್ಯವೂ ಇಲ್ಲ. ಹತ್ತು ಜನ ಒಂದೇ ಲಯಕ್ಕೆ ಕೈ ಹೊಂದಿಸಿದರೆ ಒಬ್ಬರ ಮೇಲೊಬ್ಬರಿಗೆ ಗಮನ ಬರುತ್ತದೆ, ಒಬ್ಬ ತಪ್ಪಿದರೆ ಎಲ್ಲರಿಗೂ ಗೊತ್ತಾಗುತ್ತದೆ, ಎಲ್ಲರೂ ಸರಿಯಾದರೆ ಎಲ್ಲರಿಗೂ ಸಂತೋಷವಾಗುತ್ತದೆ. ಇದನ್ನು ನಂಬಲು ಚಕ್ರ ಬೇಡ, ರೋಗಾಣು ಬೇಡ. ಆಸ್ತಿಕನಾಗಿರಬೇಕೆಂಬ ಷರತ್ತೂ ಇಲ್ಲ. ಲ್ಯಾಂಕಷೈರಿನ ಗಿರಣಿ ಕಾರ್ಮಿಕರು ಗಂಟೆ ಹಿಡಿದದ್ದು ದುಡಿದು ದಣಿದ ಮೇಲೆ ಮನಸ್ಸಿಗೆ ಒಂದು ಕೆಲಸ ಬೇಕಾಗಿ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆ ಇದೆ. ಹಳೆಯ ಕೈಗಳು ಯಾರ ಕೈಗಳು? ಹತ್ತು ಕೈ ಎಂದು ನಾನು ಹೇಳುವಾಗ ಆ ಹತ್ತರಲ್ಲಿ ಊರಿನ ಕೇರಿಯ ಕೈ ಇತ್ತೇ? ಇರಲಿಲ್ಲ. ಜಾಗಟೆ ಗುಡಿಯ ಒಳಗೆ, ತಮಟೆ ಗುಡಿಯ ಹೊರಗೆ. ದೇವರ ಮೆರವಣಿಗೆಗೆ ತಮಟೆ ಬೇಕು, ಬಾರಿಸುವವನು ಹೊಸ್ತಿಲು ದಾಟಬಾರದು. ಪಂಚಮಹಾಶಬ್ದದ ಪಟ್ಟಿಯಲ್ಲಿ ಒಂದೇ ಸಾಲಿನಲ್ಲಿದ್ದ ಎರಡು ವಾದ್ಯಗಳ ನಡುವೆ ಗೋಡೆ ಎಬ್ಬಿಸಿದ್ದು ನಾದದ ನಿಯಮವಲ್ಲ, ಜಾತಿಯ ನಿಯಮ. ಯಂತ್ರಕ್ಕೆ ಜಾತಿ ಇಲ್ಲ, ಅದೇ ವಾಸಿ ಎಂದು ಯಾರಾದರೂ ಹೇಳಿದರೆ ಅವರ ಮಾತನ್ನು ತಳ್ಳಿಹಾಕಲಾಗುವುದಿಲ್ಲ. ಆದರೆ ಯಂತ್ರ ಆ ಗೋಡೆಯನ್ನು ಕೆಡವಲಿಲ್ಲ. ಒಳಗಿನವರ ಕೈಯ ಜಾಗದಲ್ಲಿ ತಾನು ನಿಂತಿತು, ಹೊರಗಿನವರನ್ನು ಇದ್ದಲ್ಲೇ ಬಿಟ್ಟಿತು. ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ತೊಡೆದು ಹಾಕಿದೆ. 25ನೆಯ ವಿಧಿ ಸಾರ್ವಜನಿಕ ಹಿಂದೂ ದೇವಾಲಯಗಳನ್ನು ಎಲ್ಲ ವರ್ಗಗಳಿಗೂ ತೆರೆಯುವ ಕಾನೂನಿಗೆ ದಾರಿ ಮಾಡಿದೆ. ತೆರೆದ ಬಾಗಿಲಿನಿಂದ ಒಳಗೆ ಬಂದವನಿಗೆ ನೋಡುವ ಹಕ್ಕು ಮಾತ್ರ ಸಿಕ್ಕರೆ ಅದು ಅರ್ಧ ಪ್ರವೇಶ. ಕೈಗೆ ಜಾಗಟೆಯ ಕೋಲು ಸಿಕ್ಕಾಗ ಪೂರ್ತಿ. ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆಯ ಕಲೆಗಾಗಿ 2023ರಲ್ಲಿ ಪದ್ಮಶ್ರೀ ಬಂತು. ದೇಶ ಮಾನ್ಯ ಮಾಡಿದ ವಾದ್ಯವನ್ನು ಇನ್ನೂ ಹೊಸ್ತಿಲಾಚೆ ನಿಲ್ಲಿಸುವ ಊರಿದ್ದರೆ ನಾಚಿಕೆಪಡಬೇಕಾದ್ದು ಆ ಊರು. ಆದ್ದರಿಂದ ನಾನು ಕೇಳುತ್ತಿರುವುದು ಹಳೆಯ ಹಂಚಿಕೆಯನ್ನಲ್ಲ. ಕೈ ಮಂಗಳಾರತಿ ಮರಳಿ ಬರುವುದಾದರೆ ಸರದಿ ಊರಿಗೆಲ್ಲ ಸೇರಿದ್ದಾಗಬೇಕು, ಹೆಣ್ಣುಮಕ್ಕಳ ಕೈಯೂ ಅದರಲ್ಲಿರಬೇಕು. ಹಾಗೆ ಆಗುವುದಿಲ್ಲ ಎಂದಾದರೆ ಯಂತ್ರವೇ ಇರಲಿ ಎನ್ನುವವರ ಜೊತೆ ನಾನೂ ನಿಲ್ಲುತ್ತೇನೆ.

ಸದ್ದಿನ ಮಾಲಿನ್ಯದ ಪ್ರಶ್ನೆಗೆ ಹೆಚ್ಚು ಹೊತ್ತು ಬೇಡ. 2000ದ ಶಬ್ದಮಾಲಿನ್ಯ ನಿಯಂತ್ರಣ ನಿಯಮದಂತೆ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಧ್ವನಿವರ್ಧಕಕ್ಕೆ ಕಡಿವಾಣ. ಪಕ್ಕದ ಮನೆಯಲ್ಲಿ ಓದುವ ಮಗು, ಮಲಗಿದ ರೋಗಿ ಇರುತ್ತಾರೆ ಎಂಬುದನ್ನು ಭಕ್ತಿ ಮರೆಯಬಾರದು. ಮೋಟಾರಿನ ಕೋಲು ಒಂದೇ ಬಲದಲ್ಲಿ ಬಡಿಯುತ್ತದೆ, ಅದರ ಮುಂದೆ ಮೈಕೂ ಇಟ್ಟರೆ ಬೀದಿಗೆಲ್ಲ ಶಿಕ್ಷೆ. ಕೈಗೆ ಹದ ಗೊತ್ತು; ಬೆಳಗಿನ ಹೊತ್ತು ಮೆಲ್ಲಗೆ ಬಾರಿಸಿ ಎಂದರೆ ಮೆಲ್ಲಗೆ ಬಾರಿಸುತ್ತದೆ. ಸದ್ದು ಕಡಿಮೆಯಾಗಬೇಕು ಎನ್ನುವವರಿಗೂ ಮೋಟಾರಿಗಿಂತ ಕೈಯೇ ಅನುಕೂಲ.

ಕೊನೆಯದು ಪರದೇಶದ್ದು ನಮಗೇಕೆ ಎಂಬ ಪ್ರಶ್ನೆ. ಇಂಗ್ಲಿಷ್ ಕೈಗಂಟೆಯ ಪೆಟ್ಟಿಗೆಯನ್ನು ತರಿಸಿ, ಕೈಗೆ ಗವುಸು ಹಾಕಿಕೊಂಡು ನಿಲ್ಲಿ ಎಂದು ನಾನು ಹೇಳುತ್ತಿಲ್ಲ. ಇದಕ್ಕೆ ಇಂಡೊನೇಷ್ಯಾ ಒಳ್ಳೆಯ ಮೇಲ್ಪಂಕ್ತಿ. ಅಲ್ಲಿಯ ಸುಂಡಾ ಜನ ಬಿದಿರಿನ ಆಂಕ್ಲುಂಗನ್ನು ಭತ್ತದ ಪೂಜೆಯಲ್ಲಿ ಅಲ್ಲಾಡಿಸಿ ನುಡಿಸುತ್ತಿದ್ದರು. ಒಬ್ಬರ ಕೈಗೆ ಒಂದೇ ಸ್ವರ. 1938ರಲ್ಲಿ ದಾಯೆಂಗ್ ಸುತಿಗ್ನ ಎಂಬ ಶಿಕ್ಷಕರು ಅದರ ಶ್ರುತಿಯನ್ನು ಬದಲಿಸಿ ಶಾಲೆಯ ಮಕ್ಕಳ ಕೈಗೆ ಕೊಟ್ಟರು. ಪೂಜೆಯ ವಾದ್ಯ ತರಗತಿಯ ವಾದ್ಯವಾಯಿತು. 2010ರಲ್ಲಿ ಯುನೆಸ್ಕೊ ಅದನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮಲ್ಲಿ ಇದು ಇನ್ನೂ ಸುಲಭ. ಮೋಹನ ರಾಗಕ್ಕೆ ಸ, ರಿ, ಗ, ಪ, ದ ಎಂಬ ಐದೇ ಸ್ವರ. ಎರಡು ಸ್ಥಾಯಿಗೆ ಹತ್ತು ಗಂಟೆ, ಮೇಲಿನ ಷಡ್ಜಕ್ಕೆ ಇನ್ನೊಂದು. ಹನ್ನೊಂದು ಮಕ್ಕಳು ಹನ್ನೊಂದು ಗಂಟೆ ಹಿಡಿದು ನಿಂತರೆ ಗೊತ್ತಿರುವ ಗೀತೆಯೊಂದನ್ನು ನುಡಿಸಬಹುದು. ಕಂಚುಗಾರರಿಗೆ ಹೇಳಬೇಕಾದ ಬದಲಾವಣೆ ಎರಡೇ: ಅಂಚನ್ನು ಶ್ರುತಿಗೆ ಕಡೆಯಿರಿ, ನಾಲಿಗೆ ಒಂದೇ ದಿಕ್ಕಿಗೆ ಆಡುವಂತೆ ಕೂಡಿಸಿರಿ. ಕಂಚಿಗೆ ಹಣ ಸಾಲದಿದ್ದರೆ ತಾಳ, ಜಾಗಟೆ, ತಮಟೆಗಳಿಂದಲೇ ಲಯದ ಪಾಠ ಶುರುಮಾಡಬಹುದು; ಅದನ್ನು ಕಲಿಸಬಲ್ಲ ಹಿರಿಯರು ಈ ನಾಲ್ಕು ತಾಲ್ಲೂಕುಗಳಲ್ಲಿ ಇನ್ನೂ ಇದ್ದಾರೆ.

ನನ್ನ ವಾದವನ್ನು ಒಟ್ಟುಗೂಡಿಸಿ ಮುಗಿಸುತ್ತೇನೆ. ಸಮುದಾಯದ ಗಂಟೆಯ ಬೆಲೆಯನ್ನು ಅದರ ನಾದದಿಂದ ಅಳೆದರೆ ಯಂತ್ರವೇ ಗೆಲ್ಲುತ್ತದೆ: ತಪ್ಪುವುದಿಲ್ಲ, ದಣಿಯುವುದಿಲ್ಲ, ಸಂಬಳ ಕೇಳುವುದಿಲ್ಲ. ಅದು ಎಷ್ಟು ಜನಕ್ಕೆ, ಎಂಥೆಂಥ ಜನಕ್ಕೆ ಪಾಲು ಕೊಟ್ಟಿತು ಎಂದು ಅಳೆದರೆ ಲೆಕ್ಕ ತಿರುಗುತ್ತದೆ. ನಮ್ಮ ಹಳೆಯ ಪದ್ಧತಿ ಆ ಅಳತೆಯಲ್ಲಿ ಅರ್ಧ ಪಾಸಾಗಿತ್ತು, ಇಂದಿನ ಯಂತ್ರ ಪೂರ್ತಿ ಫೇಲಾಗಿದೆ. ಮುಂದಿನ ದಾರಿ ಊರವರ ಕೈಯಲ್ಲಿದೆ. ದೇವಸ್ಥಾನದ ಸಮಿತಿಯವರು ವಾರಕ್ಕೊಂದು ದಿನ ಸ್ವಿಚ್ಚನ್ನು ಮುಟ್ಟದೆ, ಆ ದಿನ ಬಾರಿಸುವವರ ಹೆಸರನ್ನು ಎಲ್ಲ ಕೇರಿಗಳಿಂದ ಸರದಿಯಂತೆ ಹಲಗೆಯ ಮೇಲೆ ಬರೆಯಲಿ. ಶಾಲೆಯವರು ಪ್ರಾರ್ಥನೆಯ ಹೊತ್ತಿನಲ್ಲಿ ವಾರಕ್ಕೆ ಎರಡು ದಿನ ಲಯದ ಪಾಠಕ್ಕೆ ಹತ್ತು ನಿಮಿಷ ತೆಗೆದಿಡಲಿ. ಮೊದಲ ತಿಂಗಳು ಪೆಟ್ಟು ತಪ್ಪುತ್ತವೆ, ಜನ ನಗುತ್ತಾರೆ. ತಪ್ಪುವವರು ನಮ್ಮವರೇ, ತಿದ್ದುವವರೂ ನಮ್ಮವರೇ ಎಂದಾಗ ಆ ನಗುವಿನಲ್ಲಿ ಕುಹಕ ಇರುವುದಿಲ್ಲ. ಮೂರನೆಯ ತಿಂಗಳಿಗೆ ಹಲಗೆಯ ಮೇಲೆ ತಮ್ಮ ಹೆಸರು ಯಾವಾಗ ಬರುತ್ತದೆ ಎಂದು ಜನರೇ ಕೇಳತೊಡಗಿದರೆ ಈ ವಾದ ಗೆದ್ದಂತೆ. ಯಾರೂ ಕೇಳದಿದ್ದರೆ ಸ್ವಿಚ್ಚು ಅಲ್ಲೇ ಇದೆ.